ಕಡ ತಂದ ಟ್ರ್ಯಾಕ್ಟರ್

ವೀರಪ್ಪ ಸುಳ್ಳು ಹೇಳುವ ಮನುಷ್ಯನಲ್ಲ, ದೊಡ್ಡದು ಮಾಡಿ ಹೇಳುವ ಮನುಷ್ಯ. ಎರಡಕ್ಕೂ ವ್ಯತ್ಯಾಸವಿದೆ ಎಂದೇ ನಾನು ನಂಬಿದ್ದೆ. ಅವನ ಹೊಲದಲ್ಲಿ ಹತ್ತು ಚೀಲ ಜೋಳ ಬಂದರೆ ಸಂತೆಗೆ ಹೋಗುವಷ್ಟರಲ್ಲಿ ಅದು ಹದಿನೈದಾಗುತ್ತಿತ್ತು, ತಿರುಗಿ ಬರುವಷ್ಟರಲ್ಲಿ ಇಪ್ಪತ್ತು. ಕೇಳುವವರಿಗೂ ಗೊತ್ತು, ಅವನಿಗೂ ಗೊತ್ತು, ಯಾರಿಗೂ ನಷ್ಟವಿರಲಿಲ್ಲ. ನಷ್ಟದ ಮಾತು ಬಂದದ್ದು ಅವನ ಮೊಮ್ಮಗಳು ಉಮಾಶ್ರೀ ಹತ್ತನೆಯ ಇಯತ್ತೆ ಮುಗಿಸಿದ ವರ್ಷ.

ನಾನು ಎದುರು ಮನೆಯ ವೆಂಕಣ್ಣ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಟ್ಟೆಯ ಮೇಲೆ ಕೂತರೆ ಮನೋಳಿಯ ಅರ್ಧ ಓಣಿ ಕಾಣುತ್ತದೆ, ವೀರಪ್ಪನ ಪಡಸಾಲೆ ಪೂರ್ತಿ ಕಾಣುತ್ತದೆ. ಕಾಣದ್ದು ಕೇಳುತ್ತದೆ. ಅವರಿಗೀಗ ಉಳಿದದ್ದು ನಾಲ್ಕು ಎಕರೆ. ಮಗ ಗೌರೀಶ ಬೇರೆಯವರ ಹಾಲಿನ ವ್ಯಾನು ಓಡಿಸುತ್ತಾನೆ. ಸೊಸೆ ಮೀನಾ ಹಿತ್ತಲಲ್ಲಿ ಒಲೆ ಹಚ್ಚಿ ಖಡಕ್ ರೊಟ್ಟಿ ಬಡಿದು ಸವದತ್ತಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಆ ರೊಟ್ಟಿಯ ವಿಷಯ ವೀರಪ್ಪನ ಮುಂದೆ ಯಾರೂ ಎತ್ತುವಂತಿಲ್ಲ. ಹಿತ್ತಲಿನಿಂದ ಬುಟ್ಟಿ ಹೊರಗೆ ಹೋಗುವಾಗ ಅವನು ಸರಿಯಾಗಿ ಅದೇ ಹೊತ್ತಿಗೆ ಆಕಾಶ ನೋಡುತ್ತಾನೆ.

ಫಲಿತಾಂಶ ಬಂದ ದಿನ ಉಮಾಶ್ರೀ ಶಾಲೆಗೇ ಮೊದಲು. ಪೇಢೆ ಹಂಚಿದರು. ಸಂಜೆ ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ನಾ ಸೈನ್ಸ್ ತಗೋತೇನಿ, ಧಾರವಾಡದಾಗ," ಎಂದಳು ಹುಡುಗಿ. "ದನದ ಡಾಕ್ಟರ್ ಆಗಬೇಕಂದ್ರ ಸಿಇಟಿ ಚಲೋ ಬರೀಬೇಕು."

"ಹಾಸ್ಟೆಲ್ಲು, ಫೀ, ಕೋಚಿಂಗು," ಎಂದ ಗೌರೀಶ. "ನನ್ನ ಪಗಾರದಾಗ ಆಗೂದಿಲ್ಲವ್ವಾ. ಸವದತ್ತಿಗೆ ಬಸ್ಸಿನ್ಯಾಗ ಹೋಗಿ ಬಾ. ಆರ್ಟ್ಸ್ ಏನ್ ಕೆಟ್ಟದ್ದಲ್ಲ."

"ಸ್ಕಾಲರ್‌ಶಿಪ್ ಹಾಕತೇನಪ್ಪಾ. ಓದೂ ಹುಡುಗರಿಗೆ ರೊಕ್ಕಾ ಕೊಡೂ ಟ್ರಸ್ಟ್ ಇರತಾವು. ಬಡ ಮಕ್ಕಳಿಗೆ..."

ವೀರಪ್ಪ ತುತ್ತು ಕೆಳಗಿಟ್ಟ. "ಬಡ ಮಕ್ಕಳು ಯಾರ ಮನ್ಯಾಗ ಅದಾರ? ನಮ್ಮಪ್ಪ ಕೊಟ್ಟ ಜ್ವಾಳ ಉಂಡು ಮಠದ ಬೋರ್ಡಿಂಗಿನ ಹುಡುಗರು ಮಾಮಲೇದಾರ ಆಗ್ಯಾರ. ಈ ಮನಿಗೆ ಕೊಟ್ಟು ಗೊತ್ತೈತಿ, ಬೇಡಿ ಗೊತ್ತಿಲ್ಲ!"

"ಕೊಟ್ಟಾವ ನಿಮ್ಮಪ್ಪ," ಎಂದಳು ಅವನ ಹೆಂಡತಿ ಕೆಂಚವ್ವ. "ನೀವು ಬರೇ ಹೇಳಿದಾವ್ರು. ಪುಂಡಿಪಲ್ಲೆ ಆರತೈತಿ, ಉಣ್ರಿ."

ಮೀನಾ ಏನೂ ಅನ್ನಲಿಲ್ಲ. ಮಾವನ ಎದುರು ಅವಳು ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

ಮರುದಿನ ಹುಡುಗಿ ಅವ್ವನ ಫೋನು ಹಿಡಿದು ನಮ್ಮ ಕಟ್ಟೆಗೆ ಬಂದಳು. "ವೆಂಕಣ್ಣಜ್ಜಾ, ನಿಮಗ ಇಂಗ್ಲಿಷ್ ಬರತೈತೆಲ್ಲ, ಇದನ್ನಿಷ್ಟು ಓದಿ ಹೇಳ್ರಿ."

ನನಗೂ ಕುತೂಹಲ. ಇಡೀ ಜನ್ಮ ಬೇರೆಯವರ ಮನಿಯಾರ್ಡರ್ ಮುಟ್ಟಿಸಿದವನು ನಾನು. ಯಾರೋ ಗುರುತಿಲ್ಲದವರು ಗುರುತಿಲ್ಲದವರಿಗೆ ದುಡ್ಡು ಕಳಿಸುತ್ತಾರೆ ಎಂದರೆ ಏನು ವ್ಯವಹಾರವದು, ನೋಡಬೇಕಲ್ಲ? ಆ ವಾರವೆಲ್ಲ ಇದೇ ಕೆಲಸ. ಒಂದು ಸ್ಕಾಲರ್‌ಶಿಪ್ ಬೀಡಿ ಕಟ್ಟುವವರ ಮಕ್ಕಳಿಗೆ. ಒಂದು ಸೈನಿಕರ ಮಕ್ಕಳಿಗೆ. ಒಂದರ ಗಡುವು ಹಿಂದಿನ ದಿನವೇ ಮುಗಿದಿತ್ತು. ಸರಕಾರದ್ದಿತ್ತು, ಅದಕ್ಕೂ ಹಾಕಿದಳು. ಆದರೆ ಅದು ಹಾಸ್ಟೆಲ್ಲಿನ ಖರ್ಚಿಗೆ ಸಾಲುತ್ತಿರಲಿಲ್ಲ. ಇನ್ನೊಂದು ಬಹಳ ಸೊಗಸಾಗಿತ್ತು. ಐವತ್ತು ಸಾವಿರ ಕೊಡುತ್ತೇವೆ, ಮೊದಲು ನೋಂದಣಿಗೆ ಐನೂರು ಹಾಕಿ ಎಂದಿತ್ತು. ನಾನು ನನ್ನ ಕಿಸೆಯಿಂದಲೇ ಕೊಡಲು ಹೊರಟಿದ್ದೆ.

ಒಳಗಿನಿಂದ ನನ್ನ ಹೆಂಡತಿ ಗಂಗೂಬಾಯಿ ಕೂಗಿದಳು: "ದಾನಾ ಕೊಡಾವಾ ಮೊದಲ ದಕ್ಷಿಣಿ ಕೇಳ್ತಾನಂದ್ರ ಅಂವಾ ಕಳ್ಳ ಇದ್ದಾನ. ಅಷ್ಟೂ ತಿಳೀದಿಲ್ಲೇನ್ ನಿಮಗ? ನಾಲ್ವತ್ತು ವರ್ಷ ಪೋಸ್ಟಿನ್ಯಾಗ ಏನ್ ಮಾಡಿದ್ರಿ?"

"ಶಿಕ್ಕಾ ಹೊಡದೆ," ಎಂದೆ.

ಕೊನೆಗೆ ಸಿಕ್ಕಿದ್ದು ಬೆಳಗಾವಿಯ ಒಂದು ಟ್ರಸ್ಟು. ಹಳ್ಳಿಯ ಹೆಣ್ಣುಮಕ್ಕಳಿಗೆ ಪಿಯುಸಿಯ ಎರಡೂ ವರ್ಷದ ಫೀ, ಹಾಸ್ಟೆಲ್ಲು, ಪುಸ್ತಕ ಎಲ್ಲ ಅವರದೇ. ಮೊದಲು ಅರ್ಜಿ, ಆಮೇಲೆ ಒಂದು ಪರೀಕ್ಷೆ, ಆಮೇಲೆ ಮನೆಗೆ ಬಂದು ನೋಡುತ್ತಾರೆ, ಕೊನೆಗೆ ಸಂದರ್ಶನ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಕುಟುಂಬದ ಕಷ್ಟವನ್ನು ನೂರೈವತ್ತು ಪದಗಳಲ್ಲಿ ಬರೆಯಿರಿ.

ಹುಡುಗಿ ಪೆನ್ನು ಕಚ್ಚಿಕೊಂಡು ಕೂತಳು. "ಅಜ್ಜಾ, ಕಷ್ಟ ಅಂದ್ರ ಏನ್ ಬರೀಲಿ? ಉಪವಾಸ ಅಂತೂ ಮಲಗಿಲ್ಲ."

"ನಿಮ್ಮವ್ವ ಎಷ್ಟೊತ್ತಿಗೆ ಏಳ್ತಾಳ?" ಎಂದೆ.

"ನಾಕಕ್ಕ."

"ಯಾಕ?"

"ರೊಟ್ಟಿ ಬಡಿಯಾಕ."

"ಅದನ್ನ ಬರಿ."

ಬರೆದಳು. ಇನ್ನು ಸಹಿ. ರೇಷನ್ ಕಾರ್ಡು, ಹೊಲದ ಪಹಣಿ ಉತಾರ ಎರಡೂ ವೀರಪ್ಪನ ಹೆಸರಲ್ಲಿದ್ದವು. ಆದ್ದರಿಂದ ಪಾಲಕನೆಂದು ಅವನೇ ಸಹಿ ಹಾಕಬೇಕು. ಬೇಡುವ ಕಾಗದಕ್ಕೆ ಅವನು ಸಹಿ ಮಾಡುವುದುಂಟೆ? ಹುಡುಗಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಚಹಾ ಹಿಡಿದು ಹೋದಳು.

"ಅಜ್ಜಾ, ಬೆಳಗಾವ್ಯಾಗ ಚಲೋ ಮಾರ್ಕ್ಸ್ ತಗೊಂಡಾವ್ರಿಗೆ ಬಹುಮಾನ ಕೊಡತಾರಂತ. ಮನಿ ಹಿರ್ಯಾರ ಸಹಿ ಬೇಕಂತ."

"ಬಹುಮಾನನಾ? ಹಂಗ ಅನ್ನು ಮತ್ತ!" ಅವನು ಚಷ್ಮಾ ಹಾಕಿಕೊಳ್ಳದೆಯೇ ಸಹಿ ಹಾಕಿದ. ಆ ಸಂಜೆಗೆ ಓಣಿಯಲ್ಲೆಲ್ಲ ಸುದ್ದಿ. ಬೆಳಗಾವಿಯವರು ತಾವಾಗಿಯೇ ಕರೆದು ಬಹುಮಾನ ಕೊಡುತ್ತಿದ್ದಾರೆ! ನನಗೆ ಸತ್ಯ ಗೊತ್ತಿತ್ತು. ಸುಮ್ಮನಿದ್ದೆ. ಮುಂದೇನಾಗುತ್ತದೆ ನೋಡುವ ಚಟ.

ಹುಡುಗಿ ಪರೀಕ್ಷೆ ಪಾಸಾದಳು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮೀನಾಳ ಫೋನು ರಿಂಗಾಯಿತು. ಮೀನಾಳ ಎರಡೂ ಕೈ ಹಿಟ್ಟಿನಲ್ಲಿ. ಗೌರೀಶ ವ್ಯಾನಿನ ಮೇಲೆ. ಉಮಾಶ್ರೀ ಇನ್‌ಕಮ್ ಸರ್ಟಿಫಿಕೇಟ್ ತರಲು ಸವದತ್ತಿಗೆ ಹೋಗಿದ್ದಳು. ವೀರಪ್ಪ ಫೋನು ಎತ್ತಿದ.

"ಟ್ರಸ್ಟಿನಿಂದ ಪದ್ಮಜಾ ಅಂತ ಮಾತಾಡ್ಲಿಕ್ಕೆ ಹತ್ತೇನ್ರಿ. ಇವತ್ತ ಮಧ್ಯಾಹ್ನ ನಿಮ್ಮ ಮನಿ ನೋಡ್ಲಿಕ್ಕೆ ಬರ್ತೇನಿ."

"ಬರ್ರಿ, ಬರ್ರಿ! ಊಟಾ ಇಲ್ಲೇ ಮತ್ತ!" ಎಂದ ವೀರಪ್ಪ.

ಆಮೇಲೆ ನೋಡಿ ಓಡಾಟ. ನಮ್ಮ ಕಡೆ ಪರ ಊರಿನವರು ಮನೆ ನೋಡಲು ಬರುತ್ತಾರೆಂದರೆ ಅದು ಒಂದೇ ಕಾರಣಕ್ಕೆ, ಬೀಗತನಕ್ಕೆ. ಹೆಣ್ಣು ಕೊಡುವವರು ಬರುವ ದಿನ ಓಣಿಯೆಲ್ಲ ಒಂದೇ ಮನೆಯಾಗುತ್ತದೆ. ಒಬ್ಬರ ತಿಜೋರಿ, ಇನ್ನೊಬ್ಬರ ಎಮ್ಮೆ ಎಲ್ಲ ಬಂದು ಆ ಮನೆಯಲ್ಲಿ ನಿಲ್ಲುತ್ತವೆ. ಯಾರೂ ತಪ್ಪು ತಿಳಿಯುವುದಿಲ್ಲ. ವೀರಪ್ಪನಿಗೆ ಗೊತ್ತಿದ್ದ ರೀತಿ ಅದೊಂದೇ. ಅದೇ ಓಣಿಯ ಮಹಾಂತಪ್ಪನ ಹೊಸ ಟ್ರ್ಯಾಕ್ಟರ್ ತರಿಸಿ ಅಂಗಳದಲ್ಲಿ ನಿಲ್ಲಿಸಿದ. ನಮ್ಮ ಮನೆಯಿಂದ ಎರಡು ಬೆತ್ತದ ಖುರ್ಚಿ, ಬೆಳ್ಳಿಯ ತಟ್ಟೆ ಹೋದವು. ಕೆಂಚವ್ವನ ಕೊರಳಿಗೆ ಪಕ್ಕದ ಮನೆಯ ಮಾಯವ್ವನ ಬಂಗಾರದ ಬೋರಮಾಳ ಸರ ಬಂತು.

ಮೀನಾಳ ರೊಟ್ಟಿಯ ಬುಟ್ಟಿ, ಹಂಚು, ಕಟ್ಟಿಗೆ ಎಲ್ಲ ನಮ್ಮ ಹಿತ್ತಲಿಗೆ.

"ಏನಿದು, ನಮ್ಮ ಮನಿ ಗೋದಾಮು ಮಾಡೀರೇನು?" ಎಂದಳು ಗಂಗೂಬಾಯಿ.

"ಒಂದ್ ತಾಸರೀ ಅಕ್ಕಾರ," ಎಂದಳು ಮೀನಾ. ಅವಳ ಮುಖ ಸಣ್ಣದಾಗಿತ್ತು. ಬರುವವರು ಯಾಕೆ ಬರುತ್ತಾರೆಂದು ಅವಳಿಗೆ ತಿಳಿದಿತ್ತು, ಆದರೆ ಮಾವನಿಗೆ ಎದುರು ಹೇಳುವ ರೂಢಿಯಿರಲಿಲ್ಲ. ಅತ್ತೆಗೆ ಪಿಸುಗುಟ್ಟಿದಳು. ಕೆಂಚವ್ವ ಗಂಡನ ಹತ್ತಿರ ಹೋಗಿ, "ರೀ, ಅವರು ಬರೂದು ಬ್ಯಾರೇನ ಅಂತ..." ಎನ್ನುವಷ್ಟರಲ್ಲಿ, "ನೀ ಹೂರಣಾ ನೋಡಿಕೋ ಹೋಗು," ಎಂದುಬಿಟ್ಟ.

ಪದ್ಮಜಾ ನಲವತ್ತರ ಹೆಂಗಸು, ಹೆಗಲಿಗೊಂದು ಚೀಲ. ಟ್ರ್ಯಾಕ್ಟರಿನ ಸುತ್ತ ಒಂದು ಸಲ ಸುತ್ತಿ ಬಂದು ಖುರ್ಚಿಯಲ್ಲಿ ಕೂತಳು. ನಾನು ನನ್ನ ಖುರ್ಚಿ ಹೇಗಿದೆ ನೋಡುವ ನೆವದಲ್ಲಿ ಅಲ್ಲೇ ಇದ್ದೆ.

"ಟ್ರ್ಯಾಕ್ಟರ್ ನಿಮ್ಮದೇನ್ರಿ ಅಜ್ಜಾರ?"

"ಮತ್ತ ಯಾರದರೀ?"

"ಹೊಲಾ ಎಷ್ಟದ?"

"ಇಪ್ಪತ್ತೆಕರೆ. ಹೊಳಿ ದಂಡಿಗೆ."

"ನಿಮ್ಮ ಮೊಮ್ಮಗಳು ಬರದಾಳ, ತಾಯಿ ರೊಟ್ಟಿ ಮಾಡಿ ಮಾರ್ತಾರ ಅಂತ."

ವೀರಪ್ಪ ನಕ್ಕ. "ಹುಡುಗುಬುದ್ಧಿ ಅದು. ನಮ್ಮ ಮನ್ಯಾಗ ಹೆಣಮಕ್ಕಳು ದುಡದು ಮನಿ ನಡಸೂ ಪಾಳಿ ಬಂದಿಲ್ರಿ."

ಬಾಗಿಲ ಮರೆಯಲ್ಲಿ ಮೀನಾ ನಿಂತಿದ್ದಳು. ಪದ್ಮಜಾ ಅವಳತ್ತ ನೋಡಿದಳು. ಮೀನಾ ತಲೆ ತಗ್ಗಿಸಿದಳು. ಪದ್ಮಜಾ ಬರೆದುಕೊಂಡಳು. ಹೋಳಿಗೆ ಬೇಡವೆಂದರೂ ಎರಡು ಬಡಿಸಿ, ಮೇಲೆ ತುಪ್ಪ ಸುರಿದು, ಗಾಡಿಯವರೆಗೂ ಹೋಗಿ ಕಳಿಸಿ ಬಂದ ವೀರಪ್ಪನ ಮುಖ ನೋಡಬೇಕಿತ್ತು!

ಎರಡು ಗಂಟೆಯ ಬಸ್ಸಿಗೆ ಉಮಾಶ್ರೀ ಇಳಿದಳು. ಟ್ರ್ಯಾಕ್ಟರ್ ಇನ್ನೂ ಅಂಗಳದಲ್ಲಿತ್ತು.

"ಇದ್ಯಾಕ ಇಲ್ಲಿ ಬಂದೈತಿ?"

"ನಿನ್ನ ಬಹುಮಾನದಾವ್ರು ಬಂದಿದ್ರು," ಎಂದ ಅಜ್ಜ. "ಖುಷಿಯಾಗಿ ಹೋದ್ರು. ಇಪ್ಪತ್ತೆಕರೆ ಅಂದ ಕೂಡ್ಲೇ ಬರಕೊಂಡ್ರು ನೋಡು."

ಹುಡುಗಿ ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟಳು. "ಅಜ್ಜಾ, ಅದು ಬಹುಮಾನ ಅಲ್ಲ! ಇಲ್ಲದಾವ್ರಿಗೆ ಕೊಡೂದು! ನಮ್ಮ ಹತ್ರ ಇಲ್ಲ ಅಂತ ನೋಡಾಕ ಬಂದಿದ್ರು ಅವರು!"

ಆಮೇಲೆ ಶುರುವಾದ ಜಗಳ ಕೇಳಲು ಕಟ್ಟೆಗೆ ಬರಬೇಕಿರಲಿಲ್ಲ, ಹೊಳೆಗೇ ಕೇಳಿರಬೇಕು.

"ನನಗ ಸುಳ್ಳ ಹೇಳಿ ಸಹಿ ಮಾಡಸೀದಿ? ವೀರಪ್ಪ ಗೌಡನ ಹೆಸರಲೇ ಭಿಕ್ಷಾ ಬೇಡೀದಿ?"

"ನೀ ಹೇಳಿದ್ದು ಖರೇ ಏನಜ್ಜಾ? ಇಪ್ಪತ್ತೆಕರೆ ಎಲ್ಲೈತಿ? ತೋರಸು ನಡಿ!"

"ಇತ್ತು!"

"ಯಾವಾಗ? ನೀ ಸಾಲಿಗೆ ಹೋಗೂ ಮುಂದ!"

ಸಂಜೆ ಬಂದ ಗೌರೀಶ ಎಲ್ಲ ಕೇಳಿ ತಲೆ ಹಿಡಿದು ಕೂತ. "ಹೋಗ್ಲಿ ಬಿಡವ್ವಾ. ನಮ್ಮ ಹಣೇಬರದಾಗ ಸವದತ್ತಿ ಬಸ್ಸ ಐತಿ."

ಒಂದು ವಾರ ಆ ಮನೆಯಲ್ಲಿ ಯಾರೂ ಒಟ್ಟಿಗೆ ಉಣ್ಣಲಿಲ್ಲ. ವೀರಪ್ಪ ಮೊದಲು ಉಂಡು ಏಳುತ್ತಿದ್ದ, ಆಮೇಲೆ ಹುಡುಗಿ. ಕೆಂಚವ್ವ ನಮ್ಮ ಮನೆಗೆ ಬಂದು, "ಎರಡ ಸಲ ಪಲ್ಲೆ ಬಿಸಿ ಮಾಡಿ ಮಾಡಿ ಸಾಕಾತು ನೋಡ್ರಿ," ಎಂದು ಗೋಳಾಡಿದಳು. ಉಮಾಶ್ರೀ ನನ್ನ ಎದುರಿಗೇ ಪದ್ಮಜಾಗೆ ಫೋನು ಮಾಡಿದಳು.

"ಮೇಡಂ, ನಮ್ಮಜ್ಜ ಹೇಳಿದ್ದು ಖರೆ ಅಲ್ಲರೀ. ಟ್ರ್ಯಾಕ್ಟರ್ ನಮ್ಮದಲ್ಲ."

"ನೋಡವ್ವಾ, ನಾ ಕಂಡದ್ದು, ಅವರು ಹೇಳಿದ್ದು ಬರದೇನಿ. ಅರ್ಜಿ ನಿನ್ನದು, ಸಹಿ ಅವರದು. ಸವದತ್ತಿಯೊಳಗ ಶನಿವಾರ ಸಂದರ್ಶನ ಅದ. ಅವರೇ ಬಂದು ಹೇಳ್ಬೇಕು. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ."

ಹುಡುಗಿ ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಅಳಲಿಲ್ಲ. "ಅಂವಾ ಬರೂದಿಲ್ಲ," ಎಂದಳು, ಅಷ್ಟೆ.

ಶುಕ್ರವಾರ ಸಂಜೆ ನಾನು ವೀರಪ್ಪನನ್ನು ಹೊಳೆಯ ಕಡೆ ಕರೆದುಕೊಂಡು ಹೋದೆ. "ಏನ್ ಮಾಡ್ತೀ ನಾಳೆ?"

"ಮಂದಿ ಮುಂದ ಹೋಗಿ ನಮಗೇನೂ ಇಲ್ಲ ಅನ್ಲ್ಯಾ, ವೆಂಕಣ್ಣ? ಈ ವಯಸ್ಸಿನ್ಯಾಗ?"

"ಅನಬ್ಯಾಡ. ಮನ್ಯಾಗ ಕೂಡು. ಇನ್ನೊಂದ್ ಸ್ವಲ್ಪ ವರ್ಷಕ್ಕ ನೀ ಹೋಗ್ತೀ, ನಿನ್ನ ಇಪ್ಪತ್ತೆಕರೇನೂ ನಿನ್ನ ಕೂಡ ಹೋಗ್ತದ. ಆಕಿ ಬಸ್ಸಿನ್ಯಾಗ ನಿಂತಿರ್ತಾಳ."

"ನಿನ್ನ ನಾಲಿಗಿ ಹರಕ ಐತಿ," ಎಂದ.

ಮರುದಿನ ಬೆಳಿಗ್ಗೆ ಹುಡುಗಿ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೊರಟಾಗ ಅವನು ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಹಿಂದೆ ಹಿಂದೆ ನಡೆದ. ನಾನೂ ಹೋದೆ. ಬಿಡುತ್ತೇನೆಯೇ?

ಸಂದರ್ಶನ ಒಂದು ಶಾಲೆಯ ಕೋಣೆಯಲ್ಲಿತ್ತು. ಹೊರಗೆ ಬೆಂಚಿನ ಮೇಲೆ ಹತ್ತಾರು ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ಸುರೇಬಾನದ ಅಮೋಘಸಿದ್ದಪ್ಪನೂ ಮಗಳನ್ನು ಕರೆದುಕೊಂಡು ಬಂದಿದ್ದ. ಅವನ ಅಪ್ಪ ಒಂದು ಕಾಲಕ್ಕೆ ವೀರಪ್ಪನ ಮನೆಯಿಂದ ಬಿತ್ತನೆಯ ಜೋಳ ಒಯ್ದವನು. ಗೌಡನನ್ನು ಕಂಡದ್ದೇ ದಡಬಡಿಸಿ ಎದ್ದು ನಿಂತ.

"ಅಬಬಾ, ಗೌಡ್ರ! ನೀವೇನ್ರಿ ಇವತ್ತಿನ ಮುಖ್ಯ ಅತಿಥಿ?"

ಬೆಂಚಿನವರೆಲ್ಲ ತಿರುಗಿ ನೋಡಿದರು. ಉಮಾಶ್ರೀ ನೆಲ ನೋಡಿದಳು. ಇಂಥ ಮಾತು ಸಿಕ್ಕರೆ ಬಿಡುವ ಆಸಾಮಿಯಲ್ಲ ಇವನು. ವೀರಪ್ಪ ರುಮಾಲು ಸರಿ ಮಾಡಿಕೊಂಡ. ಗಂಟಲು ಸರಿ ಮಾಡಿಕೊಂಡ.

"ಇಲ್ಲೋ ತಮ್ಮಾ," ಎಂದ. "ನಾನೂ ಕೇಳಾಕ ಬಂದೇನಿ."

ಅಮೋಘಸಿದ್ದಪ್ಪ ಮತ್ತೆ ಕೂತು, ಬೆಂಚಿನ ಮೇಲೆ ಸರಿದು ಜಾಗ ಮಾಡಿದ. "ಹಂಗಾರ ಕುಂಡ್ರಿ ಗೌಡ್ರ. ನಿಮ್ಮ ಪಾಳಿ ನನ್ನ ಹಿಂದ ಐತಿ."

ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ. ಕಿಟಕಿ ತೆರೆದಿತ್ತು.

"ಟ್ರ್ಯಾಕ್ಟರ್ ಮಹಾಂತಪ್ಪಂದರೀ," ಎಂದು ಶುರು ಮಾಡಿದ ವೀರಪ್ಪ. "ಖುರ್ಚಿ ವೆಂಕಣ್ಣನವು. ಸರ ಮಾಯವ್ವಂದು. ಹೊಲಾ ನಾಕೆಕರೆ. ಮೊನ್ನಿ ನಾ ನಿಮಗ ನಮ್ಮಪ್ಪನ ಲೆಕ್ಕಾ ಹೇಳಿದೆ."

"ನಾನೂ ಅಜ್ಜಗ ಬಹುಮಾನ ಅಂತ ಸುಳ್ಳ ಹೇಳಿ ಸಹಿ ತಗೊಂಡೇನ್ರಿ ಮೇಡಂ," ಎಂದಳು ಹುಡುಗಿ.

"ಮೊನ್ನೆ ಹೇಳಿದ್ದು ಖರೆನೋ, ಇವತ್ತ ಹೇಳಿದ್ದು ಖರೆನೋ?" ಎಂದಳು ಪದ್ಮಜಾ. "ಯಾವುದನ್ನ ನಂಬ್ಲಿ ನಾ?"

"ಮನಷ್ಯಾ ದೊಡ್ಡಾವ ಆಗಾಕ ಸುಳ್ಳ ಹೇಳತಾನ್ರಿ. ಸಣ್ಣಾವ ಆಗಾಕ ಯಾರ್ ಹೇಳತಾರ?"

ಪದ್ಮಜಾ ಜೋರಾಗಿ ನಕ್ಕುಬಿಟ್ಟಳು. "ನಮ್ಮ ಮುಂದ ಎಲ್ಲಾರೂ ಸಣ್ಣವರಾಗ್ಲಿಕ್ಕೇ ಸುಳ್ಳು ಹೇಳ್ತಾರ ಅಜ್ಜಾರ! ನಾ ಹೋಗ್ತೇನಿ ಅಂದ್ರ ಟ್ರ್ಯಾಕ್ಟರ್ ಬಣವಿ ಹಿಂದ ಮುಚ್ಚಿಡ್ತಾರ. ಇಲ್ಲದ್ದನ್ನ ತರಿಸಿ ನಿಲ್ಲಿಸಿದವರನ್ನ ನಿಮ್ಮನ್ನೇ ನೋಡಿದ್ದು." ಆಮೇಲೆ ಗಂಭೀರವಾದಳು. "ಆದ್ರ ನಗುವಿನ ಮ್ಯಾಲೆ ಸ್ಕಾಲರ್‌ಶಿಪ್ ಕೊಡ್ಲಿಕ್ಕೆ ಬರೂದಿಲ್ಲ. ಇವತ್ತ ಇಲ್ಲಿ ಮುಗದ ಕೂಡ್ಲೇ ನಿಮ್ಮ ಕೂಡ ನಾನೂ ಮನೋಳಿಗೆ ಬರ್ತೇನಿ. ಮನಿಗೆ ಫೋನ್ ಮಾಡಬ್ಯಾಡ್ರಿ."

ಹೀಗೆ ನಾವು ಮೂವರೂ ಅವಳ ಗಾಡಿಯಲ್ಲೇ ಬಂದೆವು. ಮನೆಯಲ್ಲಿ ಯಾರಿಗೂ ಸುದ್ದಿಯಿಲ್ಲ. ಕೆಂಚವ್ವ ಹರಕು ಸೀರೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಹಿತ್ತಲಲ್ಲಿ ಹೊಗೆ, ಪಟಪಟ ಸದ್ದು. ಪದ್ಮಜಾಳನ್ನು ಕಂಡು ಮೀನಾ ಗಾಬರಿಯಾಗಿ ಎದ್ದಳು. ನೀರಿನ ಚೊಂಬು ಎತ್ತಿಕೊಂಡು ಒಲೆಗೆ ಸುರಿಯಹೋದಳು.

"ಒಲಿ ಆರಸಬ್ಯಾಡ, ಮೀನಾ," ಎಂದ ವೀರಪ್ಪ. "ಕುಂಡ್ರು. ನಿನ್ನ ಕೆಲಸಾ ನೋಡಾಕ ಬಂದಾರ."

ಪದ್ಮಜಾ ನೆಲದ ಮೇಲೆಯೇ ಕೂತಳು. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. "ದಿವಸಕ್ಕ ಎಷ್ಟು ಆಗ್ತಾವು?"

ವೀರಪ್ಪನ ಎದೆ ಉಬ್ಬಿತು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? "ಎಷ್ಟಂದ್ರ ಏನ್ರಿ! ಸವದತ್ತಿ ಪ್ಯಾಟ್ಯಾಗ ನಮ್ಮ ರೊಟ್ಟಿಗೆ ಮಂದಿ ಕಾಯತಾರ್ರಿ! ದಿವಸಾ ಸಾವಿರ..."

"ಅಜ್ಜಾ!" ಎಂದು ಚೀರಿದಳು ಉಮಾಶ್ರೀ.

"ಇನ್ನೂರರೀ," ಎಂದಿತು ಇನ್ನೊಂದು ದನಿ.

ಮೀನಾ. ತಲೆಯ ಮೇಲಿನ ಸೆರಗು ಹಾಗೇ ಇತ್ತು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಆದರೆ ಮಾವನನ್ನೇ ನೋಡುತ್ತಿದ್ದಳು. "ಇನ್ನೂರ, ಮಾವಾರ. ಯಲ್ಲಮ್ಮನ ಹುಣ್ಣಿವಿ ಇದ್ದಾಗಷ್ಟ ಮುನ್ನೂರು. ಹಿಟ್ಟು, ಕಟ್ಟಿಗಿ ಖರ್ಚ ತಗದ್ರ ಉಳಿಯೂದು ಎಷ್ಟಂತ ನಾ ಹೇಳತೇನಿ. ನಿಮಗ ಗೊತ್ತಿಲ್ಲ."

ವೀರಪ್ಪ ಬಾಯಿ ತೆರೆದ.

"ನಿಮ್ಮನ್ನ ಕೇಳಿಲ್ಲ, ಸುಮ್ನ ಕುಂಡ್ರಿ," ಎಂದಳು ಕೆಂಚವ್ವ.

ಪದ್ಮಜಾ ಒಲೆಯ ಕಡೆಗೆ ತಿರುಗಿ ಕೂತು ಉಳಿದದ್ದನ್ನೆಲ್ಲ ಮೀನಾಳನ್ನೇ ಕೇಳಿದಳು. ಬಹಳ ಹೊತ್ತು ಕೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ, ನಾನು ಕೂಡ.

ಕಾಲೇಜು ಶುರುವಾಗುವ ಮುಂಚೆ ಸ್ಕಾಲರ್‌ಶಿಪ್ ಮಂಜೂರಾದ ಸುದ್ದಿ ಬಂತು. ಧಾರವಾಡದ ಹಾಸ್ಟೆಲ್ಲಿಗೆ ಬಿಡಲು ಮನೆಯವರೆಲ್ಲ ಹೋದರು, ಗೌರೀಶನೂ ಒಂದು ದಿನ ರಜೆ ಹಾಕಿದ. ನಾನೂ ಹೋಗಿದ್ದೆ. ಆಫೀಸಿನಲ್ಲಿ ಕೂತಿದ್ದ ಹೆಣ್ಣುಮಗಳು ರುಮಾಲು ಸುತ್ತಿದ ಹಿರಿಯನನ್ನು ನೋಡಿ ಕಾಗದವನ್ನು ಅವನ ಮುಂದೆಯೇ ಸರಿಸಿದಳು. "ಪಾಲಕರ ಸಹಿ ಇಲ್ಲಿ ಮಾಡ್ರಿ ಅಜ್ಜಾರ."

ವೀರಪ್ಪ ಅದನ್ನು ಮೀನಾಳ ಕಡೆ ಸರಿಸಿದ.

"ಆಕಿ ಮಾಡತಾಳ್ರಿ," ಎಂದ. "ನನ್ನ ಕೇಳಿದ್ರ ಮತ್ತ ಜಾಸ್ತಿ ಹೇಳಿಬಿಡತೇನಿ."